ಜೀರ್ಣೋದ್ಧಾರವು ಪೇಟೆಯ ಮಳಿಗೆಗೂ ಸಲ್ಲುವುದೇ?

ಜೈನ ಪರಂಪರೆಯಲ್ಲಿ ಜೀರ್ಣೋದ್ಧಾರವೆಂಬ ಮಾತಿಗೆ ವಿಶೇಷವಾದ ಗೌರವವುಂಟು. ಹೊಸ ಜಿನಾಲಯವನ್ನು ಕಟ್ಟಿಸುವುದು ಪುಣ್ಯಕಾರ್ಯವೆಂದು ಎಣಿಸಿದ ಹಿರಿಯರು, ಬೀಳುತ್ತಿರುವ ಜಿನಾಲಯವನ್ನು ಎತ್ತಿ ನಿಲ್ಲಿಸುವುದನ್ನು ಅದಕ್ಕೆ ಸಮನಾದ, ಕೆಲವೊಮ್ಮೆ ಅದಕ್ಕೂ ಮಿಗಿಲಾದ ಕಾರ್ಯವೆಂದು ಕೊಂಡಾಡಿದರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿಯ ಹಾಳುಬಿದ್ದ ಬಸದಿಗಳನ್ನು ಮತ್ತೆ ನಿಲ್ಲಿಸಿದನೆಂಬುದನ್ನು ಶಾಸನಗಳು ಅವನ ಯುದ್ಧವಿಜಯಗಳಷ್ಟೇ ಅಭಿಮಾನದಿಂದ ಹೇಳುತ್ತವೆ. ಒಂದನೆಯ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಭಂಡಾರಿ ಬಸದಿ ಎಲ್ಲರಿಗೂ ತಿಳಿದದ್ದು. ಬಂಕಾಪುರದ ಮತ್ತು ಕೆಲ್ಲಂಗೆರೆಯ ಜೀರ್ಣಾಲಯಗಳನ್ನು ಅವನು ಉದ್ಧರಿಸಿದ್ದೂ ಅವನ ಕೀರ್ತಿಯಲ್ಲಿ ಕಡಿಮೆಯ ಪಾಲಲ್ಲ.

ಈ ಗೌರವದ ಹಿಂದೆ ಒಂದು ಸೂಕ್ಷ್ಮವಾದ ನೀತಿಯಿದೆ. ಹೊಸದನ್ನು ಕಟ್ಟಿಸುವವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಹಳೆಯದನ್ನು ಉಳಿಸುವವನು ಮತ್ತೊಬ್ಬನ ಹೆಸರನ್ನೇ ಉಳಿಸುತ್ತಾನೆ. ತನ್ನ ಧನವನ್ನು ವ್ಯಯಮಾಡಿ ಪರರ ಕೀರ್ತಿಯನ್ನು ಕಾಯುವ ಈ ಕಾರ್ಯದಲ್ಲಿ ಮಾನಕಷಾಯವು ಸಹಜವಾಗಿಯೇ ತೆಳುವಾಗುತ್ತದೆ. ಅಲ್ಲದೆ, ಕೈಗೆ ಬಂದದ್ದು ತನ್ನ ಸಂಪಾದನೆಯಲ್ಲ, ಹಿಂದಿನವರು ಒಪ್ಪಿಸಿ ಹೋದದ್ದು ಎಂಬ ಅರಿವೂ ಅದರಲ್ಲಿ ಅಡಗಿದೆ.

ಆದರೆ ಈ ಗೌರವವೆಲ್ಲ ಸಂದಿರುವುದು ಬಸದಿಗೆ. ಪೇಟೆಯ ನಡುವೆ ಶತಮಾನದಿಂದ ನಿಂತಿರುವ ಅಂಗಡಿಸಾಲಿಗೆ ಇದೇ ನೀತಿ ಅನ್ವಯಿಸುವುದೇ? ಅಲ್ಲಿ ಜಿನಬಿಂಬವಿಲ್ಲ, ಪೂಜೆಯಿಲ್ಲ. ಇರುವುದು ತಕ್ಕಡಿ, ಗಲ್ಲಾಪೆಟ್ಟಿಗೆ, ಬಾಡಿಗೆಯ ಕರಾರು. ಲಾಭಕ್ಕಾಗಿ ಕಟ್ಟಿದ ಕಟ್ಟಡವು ಲಾಭ ತಾರದಾದಾಗ ಬಿದ್ದರೇನು ಎಂದು ಕೇಳುವವರು ಅನೇಕರು. ವ್ಯಾಪಾರವನ್ನೇ ಕುಲವೃತ್ತಿಯಾಗಿ ಉಳ್ಳ ಸಮಾಜವೊಂದು ಈ ಪ್ರಶ್ನೆಗೆ ಕಿವಿಗೊಡದೆ ಇರಲಾಗದು.

ಮೈಸೂರಿನ ಎರಡು ಕಟ್ಟಡಗಳು

ಪ್ರಶ್ನೆಯು ಕೇವಲ ತಾತ್ವಿಕವಾದುದಲ್ಲವೆಂಬುದಕ್ಕೆ ಮೈಸೂರು ನಗರವೇ ಸಾಕ್ಷಿ. ಅಲ್ಲಿ ಜಗನ್ಮೋಹನ ಅರಮನೆಗೆ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡವು ಹತ್ತನೆಯ ಚಾಮರಾಜ ಒಡೆಯರ ಕಾಲದ್ದು. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ 1892ರಲ್ಲಿ ಮೈಸೂರಿಗೆ ಬಂದುದರ ನೆನಪಿಗಾಗಿ ಆ ಹೆಸರು. ಹಳೆಯ ಪುಸ್ತಕಗಳನ್ನು ಅರಸಿ ಅಲ್ಲಿಯ ಮಳಿಗೆಗಳಿಗೆ ಹೋಗದ ವಿದ್ಯಾರ್ಥಿಗಳು ಆ ಊರಿನಲ್ಲಿ ಹಿಂದೆ ವಿರಳವಾಗಿದ್ದರು. ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಯಂತೂ ನಗರದ ನಿತ್ಯಜೀವನದ ಭಾಗವೇ ಆಗಿತ್ತು. ಮಲ್ಲಿಗೆ, ವೀಳ್ಯದೆಲೆ, ನಂಜನಗೂಡಿನ ರಸಬಾಳೆ, ಗೋಪುರದಂತೆ ಒಟ್ಟಿದ ಕುಂಕುಮ, ಅಗರಬತ್ತಿ ಇವೆಲ್ಲವೂ ಒಂದೇ ಆವರಣದಲ್ಲಿ ದೊರೆಯುತ್ತಿದ್ದವು. ನೂರಾರು ಮಳಿಗೆಗಳು, ಅವುಗಳಿಗಿಂತ ಚಿಕ್ಕದಾದ ಬುಟ್ಟಿ ವ್ಯಾಪಾರಗಳು, ಅವನ್ನು ನಂಬಿದ ಸಾವಿರಾರು ಜೀವಗಳು. ದಸರೆಯ ಜಂಬೂಸವಾರಿ ಸಾಗುವ ದಾರಿಯ ಮಗ್ಗುಲಲ್ಲೇ ಈ ಸಂತೆ.

2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅನಂತರ ಮಳಿಗೆಗಳನ್ನು ತೆರವು ಮಾಡಿಸಲಾಯಿತು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗವು, ದುರಸ್ತಿಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿಯೇ ಕುಸಿಯಿತು. ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂಬುದು ಒಂದು ಪಕ್ಷ. ಇದ್ದುದನ್ನೇ ಬಲಪಡಿಸಿ ಉಳಿಸಲು ಸಾಧ್ಯವೆಂಬುದು ಇನ್ನೊಂದು ಪಕ್ಷ. ಎರಡು ಪಕ್ಷಗಳಲ್ಲಿಯೂ ತಜ್ಞರಿದ್ದರು. ವ್ಯಾಜ್ಯವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೆಡವುವ ನಿರ್ಧಾರವನ್ನು ಪ್ರಶ್ನಿಸಿದ ಅರ್ಜಿಗಳನ್ನು 2023ರಲ್ಲಿ ನ್ಯಾಯಾಲಯವು ವಜಾ ಮಾಡಿತು.

ನ್ಯಾಯಾಲಯವು ಹೇಳಬಹುದಾದದ್ದು ಯಾವ ಕಾರ್ಯಕ್ಕೆ ಯಾರಿಗೆ ಅಧಿಕಾರವುಂಟು ಎಂಬುದನ್ನು. ಅಧಿಕಾರವುಳ್ಳದ್ದೆಲ್ಲ ಕರ್ತವ್ಯವೂ ಆಗಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮೈಸೂರಿನ ಈ ಪ್ರಸಂಗದಿಂದ ಹೊರಡುವ ನೀತಿಪ್ರಶ್ನೆಗಳು ನಾಳೆ ಮತ್ತೊಂದು ಊರಿನ ಪೇಟೆಬೀದಿಯಲ್ಲಿಯೂ ಏಳುವಂಥವು. ಆದುದರಿಂದ ಅವನ್ನು ಶ್ರಾವಕಧರ್ಮದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಮೊದಲ ದೋಷ ಪ್ರಮಾದ

ಕಟ್ಟಡವು ಒಂದು ದಿನದಲ್ಲಿ ಬೀಳುವುದಿಲ್ಲ. ಬೀಳುವ ಸದ್ದು ಕೇಳುವುದು ಮಾತ್ರ ಒಂದು ದಿನ. ಆ ಕಾಲದ ಇಂತಹ ಕಟ್ಟಡಗಳ ಗೋಡೆಗಳು ಸಾಮಾನ್ಯವಾಗಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಮೇಲಿನದು ಮದರಾಸು ತಾರಸಿ. ಮರದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆ ಸುರಿದು, ಅದರ ಮೇಲೆ ಮತ್ತೊಂದು ಪದರ ಕುಟ್ಟಿ ಮಾಡಿದ ಚಾವಣಿ. ನೀರು ನಿಲ್ಲದಂತೆ ನೋಡಿಕೊಂಡರೆ ಈ ಚಾವಣಿ ಶತಮಾನ ಬಾಳುತ್ತದೆ. ತೂಬು ಕಟ್ಟಿಕೊಂಡು ಒಂದು ಮಳೆಗಾಲದ ನೀರು ನಿಂತರೆ ಜಂತೆಯ ತುದಿ ಗೋಡೆಯೊಳಗೇ ಕೊಳೆಯತೊಡಗುತ್ತದೆ. ಕೈಪಿಡಿಗೋಡೆಯ ಸಂದಿಯಲ್ಲಿ ಹಕ್ಕಿ ಬಿಟ್ಟುಹೋದ ಅರಳಿಬೀಜ ಮೊಳೆಯುತ್ತದೆ. ಬೆರಳಿನಿಂದ ಕೀಳಬಹುದಾಗಿದ್ದ ಸಸಿ ಹತ್ತು ವರ್ಷಗಳಲ್ಲಿ ಗೋಡೆಯನ್ನೇ ಸೀಳುತ್ತದೆ. ಸೋರಿಕೆ ನಿಲ್ಲಿಸಲೆಂದು ಒಬ್ಬರು ಮೇಲೆ ಒಂದು ಪದರ ಕಾಂಕ್ರೀಟು ಹಾಕುತ್ತಾರೆ, ಮುಂದಿನವರು ಇನ್ನೊಂದು ಹಾಕುತ್ತಾರೆ. ಸೋರಿಕೆ ನಿಲ್ಲುವುದಿಲ್ಲ, ಜಂತೆಯ ಮೇಲಿನ ಭಾರ ಮಾತ್ರ ಹೆಚ್ಚುತ್ತದೆ. ಸುಣ್ಣದ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದಾಗ ತೇವ ಒಳಗೇ ಸಿಕ್ಕಿಬಿದ್ದು ಇಟ್ಟಿಗೆಯು ಪುಡಿಪುಡಿಯಾಗಿ ಉದುರುತ್ತದೆ.

ಇವುಗಳಲ್ಲಿ ಯಾವುದೂ ಒಬ್ಬನ ದುಷ್ಟಬುದ್ಧಿಯ ಫಲವಲ್ಲ. ಮಾಲೀಕನಾದ ಸಾರ್ವಜನಿಕ ಸಂಸ್ಥೆಗೆ ಬಾಡಿಗೆಯ ಹುಟ್ಟುವಳಿ ಅಲ್ಪ. ಅಲ್ಪವೆಂಬ ಕಾರಣಕ್ಕೆ ದುರಸ್ತಿಯಿಲ್ಲ. ದುರಸ್ತಿಯಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನು ಬಾಡಿಗೆ ಏರಿಸಲು ಒಪ್ಪುವುದಿಲ್ಲ. ಅವನು ಸಾಮಾನು ಇರಿಸಲು ಅಟ್ಟ ಕಟ್ಟುತ್ತಾನೆ, ಬಾಗಿಲು ಅಗಲವಾಗಲೆಂದು ಕಮಾನಿನ ಕಾಲನ್ನು ಕೆತ್ತುತ್ತಾನೆ, ಕೆಲವೊಮ್ಮೆ ಮಳಿಗೆಯನ್ನು ಒಳಬಾಡಿಗೆಗೆ ಕೊಟ್ಟು ತಾನು ಬೇರೆಡೆಗೆ ಹೋಗುತ್ತಾನೆ. ಪ್ರತಿಯೊಬ್ಬನೂ ತನ್ನ ಪಾಲು ಚಿಕ್ಕದೆಂದು ತಿಳಿಯುತ್ತಾನೆ. ಆ ಚಿಕ್ಕ ಪಾಲುಗಳೆಲ್ಲ ಕೂಡಿದಾಗ ಒಂದು ದಿನ ಚಾವಣಿ ಬೀಳುತ್ತದೆ.

ಜೈನಾಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಕೊಲ್ಲುವ ಇಚ್ಛೆಯನ್ನು ಮಾತ್ರ ಹೇಳಿ ಸುಮ್ಮನಾಗಲಿಲ್ಲ. ಪ್ರಮಾದಯೋಗವನ್ನೇ ಅದರ ಮೂಲವಾಗಿ ಇಟ್ಟರು. ಎಚ್ಚರದಿಂದ ನಡೆಯುವ ಮುನಿಯ ಪಾದದಡಿ ಅಕಸ್ಮಾತ್ತಾಗಿ ಒಂದು ಜೀವಿ ಸಿಕ್ಕಿದರೆ ಅವನಿಗೆ ಹಿಂಸಾದೋಷವಿಲ್ಲ; ಅಜಾಗರೂಕನಾಗಿ ನಡೆಯುವವನಿಗೆ ಯಾವ ಜೀವಿ ಸಾಯದಿದ್ದರೂ ದೋಷವುಂಟು ಎಂಬ ವಿಚಾರವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಸ್ತರಿಸಿದ್ದಾರೆ. ಈ ಮಾನದಂಡವನ್ನು ಹಿಡಿದರೆ ಪೇಟೆಯ ಕಟ್ಟಡದ ವಿಷಯದಲ್ಲಿ ಒಂದು ಕಠಿಣವಾದ ಸತ್ಯವು ಎದುರಾಗುತ್ತದೆ. ಚಾವಣಿ ಬಿದ್ದ ದಿನ ಹಿಂಸೆ ಆರಂಭವಾದುದಲ್ಲ. ತೂಬು ಕಟ್ಟಿಕೊಂಡಿದೆಯೆಂದು ತಿಳಿದೂ ಏಣಿ ಹತ್ತದ ದಿನವೇ ಅದು ಆರಂಭವಾಗಿತ್ತು. ಯಾವ ಕುಸಿತಕ್ಕೆ ಯಾರು ಎಷ್ಟು ಹೊಣೆಯೆಂದು ನಿಶ್ಚಯಿಸುವುದು ವಿಚಾರಣಾಧಿಕಾರಿಗಳ ಕೆಲಸ. ಆದರೆ ದುರಸ್ತಿಯನ್ನು ಮುಂದೂಡುವುದು ಹಣದ ಲೆಕ್ಕಾಚಾರ ಮಾತ್ರವೆಂದು ಬಗೆಯುವ ಪ್ರತಿಯೊಬ್ಬ ಮಾಲೀಕನೂ, ಪ್ರತಿಯೊಬ್ಬ ಬಾಡಿಗೆದಾರನೂ ಇದನ್ನು ನೆನೆಯಬೇಕು: ಅದು ಅಹಿಂಸಾಣುವ್ರತದ ಲೆಕ್ಕವೂ ಹೌದು.

ಕೆಡವಬೇಕೆನ್ನುವವರ ವಾದದಲ್ಲಿ ಸತ್ಯವಿಲ್ಲವೇ?

ಅನೇಕಾಂತವನ್ನು ಬಾಯಲ್ಲಿ ಹೇಳುವುದು ಸುಲಭ. ಎದುರುಪಕ್ಷದ ವಾದವನ್ನು ಅದರ ಪೂರ್ಣಬಲದೊಡನೆ ಕೇಳುವುದು ಕಷ್ಟ. ಕೆಡವಬೇಕೆನ್ನುವವರು ಹಣದಾಸೆಯುಳ್ಳವರು, ಉಳಿಸಬೇಕೆನ್ನುವವರು ಸಂಸ್ಕೃತಿಪ್ರಿಯರು ಎಂದು ವಿಭಾಗಿಸುವುದು ಏಕಾಂತವೇ ಸರಿ.

ಅವರ ಮೊದಲ ವಾದ ಪ್ರಾಣರಕ್ಷಣೆಯದು. ಬಲಪಡಿಸಿದ ಹಳೆಯ ಕಟ್ಟಡ ಬೀಳುವುದಿಲ್ಲವೆಂದು ಯಾರು ಹೊಣೆ ಹೊರುತ್ತಾರೆ? ದುರಸ್ತಿಯ ನಡುವೆಯೇ ಕಟ್ಟಡದ ಭಾಗ ಕುಸಿದ ಉದಾಹರಣೆ ಕಣ್ಣಮುಂದಿದೆ. ಎರಡನೆಯದು, ವ್ಯಾಪಾರಿಯ ಹಾಗೂ ಗಿರಾಕಿಯ ಅಗತ್ಯಗಳು ಬದಲಾಗಿವೆ. ಬೆಂಕಿ ಹತ್ತಿದರೆ ಹೊರಬರಲು ದಾರಿ, ಹೆಂಗಸರಿಗೆ ಶೌಚಾಲಯ, ಕೊಳೆತ ತರಕಾರಿಯನ್ನು ಸಾಗಿಸುವ ವ್ಯವಸ್ಥೆ, ವೃದ್ಧರಿಗೆ ಮೆಟ್ಟಿಲಿಲ್ಲದ ದಾರಿ ಇವೆಲ್ಲವೂ ಆಡಂಬರಗಳಲ್ಲ. ಮೂರನೆಯ ವಾದ ಇನ್ನೂ ಆಳವಾದದ್ದು. ಅದನ್ನು ಜೈನಶಾಸ್ತ್ರದ ಮಾತಿನಲ್ಲಿಯೇ ಮಂಡಿಸಬಹುದು. ಪುದ್ಗಲವು ಸೇರುವುದು ಮತ್ತು ಚದುರುವುದು ಸ್ವಭಾವ. ಹಳೆಯ ಇಟ್ಟಿಗೆಗಾಗಿ ಹಂಬಲಿಸುವುದು ಮೋಹವಲ್ಲದೆ ಮತ್ತೇನು? ಚಿನ್ನವನ್ನು ಕೂಡಿಡುವುದು ಪರಿಗ್ರಹವಾದರೆ ಹಳಮೆಯನ್ನು ಕೂಡಿಡುವುದೂ ಪರಿಗ್ರಹವೇ.

ಈ ಮೂರನೆಯ ವಾದಕ್ಕೆ ಆಚಾರ್ಯ ಸಮಂತಭದ್ರರ ಆಪ್ತಮೀಮಾಂಸೆಯಲ್ಲಿ ಬರುವ ಪ್ರಸಿದ್ಧ ದೃಷ್ಟಾಂತದ ಬೆಂಬಲವೂ ಇದೆಯೆಂದು ತೋರಬಹುದು. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಾದವನಿಗೆ ದುಃಖ, ಕಿರೀಟ ಬೇಕಾದವನಿಗೆ ಹರ್ಷ, ಚಿನ್ನ ಬೇಕಾದವನಿಗೆ ಎರಡೂ ಇಲ್ಲ. ಉತ್ಪಾದ, ವ್ಯಯ, ಧ್ರೌವ್ಯಗಳು ಒಂದೇ ವಸ್ತುವಿನಲ್ಲಿ ಕೂಡಿ ನಡೆಯುತ್ತವೆಂಬುದಕ್ಕೆ ಇದಕ್ಕಿಂತ ತಿಳಿಯಾದ ನಿದರ್ಶನವಿಲ್ಲ. ಹಳೆಯ ಮಾರುಕಟ್ಟೆ ಹೋಯಿತು, ಹೊಸ ಮಾರುಕಟ್ಟೆ ಬಂದಿತು, ಪೇಟೆ ಉಳಿಯಿತು, ಜ್ಞಾನಿಗೆ ಶೋಕವೇಕೆ?

ಆದರೆ ದೃಷ್ಟಾಂತವನ್ನು ಎಳೆಯುವಾಗ ಅದರ ಎಲ್ಲೆಯನ್ನೂ ನೋಡಬೇಕು. ಕೊಡವು ಕಿರೀಟವಾದಾಗ ಚಿನ್ನವು ಗುಲಗಂಜಿಯಷ್ಟೂ ನಷ್ಟವಾಗಲಿಲ್ಲ. ಕಟ್ಟಡವನ್ನು ಯಂತ್ರದಿಂದ ಕೆಡವಿದಾಗ ಇಟ್ಟಿಗೆ, ಗಾರೆ, ಕೆತ್ತನೆಯ ಕಲ್ಲು ಎಲ್ಲವೂ ಬೆರೆತು ಊರ ಹೊರಗಿನ ಹಳ್ಳಕ್ಕೆ ಹೋಗುತ್ತವೆ. ಹೊಸ ಕಟ್ಟಡ ಅದರಿಂದ ಹುಟ್ಟುವುದಿಲ್ಲ. ಬೇರೆ ಮಣ್ಣಿನಿಂದ, ಬೇರೆ ಕಲ್ಲಿನಿಂದ, ಬೇರೆ ಮರಳಿನಿಂದ ಹುಟ್ಟುತ್ತದೆ. ಹಾಗಾದರೆ ಇಲ್ಲಿ ಚಿನ್ನದ ಸ್ಥಾನದಲ್ಲಿ ನಿಲ್ಲುವುದು ಯಾವುದು? ಕೆಡವಿದರೂ ಉಳಿಯಬೇಕಾದ ಧ್ರೌವ್ಯವು ಯಾವುದು? ಈ ಪ್ರಶ್ನೆಗೆ ಉತ್ತರ ಹೇಳದೆ ಪರ್ಯಾಯ ಬದಲಾಯಿತೆಂದು ಸಮಾಧಾನ ಹೇಳುವವನು ಕೊಡವನ್ನೂ ಕಳೆದು ಚಿನ್ನವನ್ನೂ ಕಳೆದವನಾಗುತ್ತಾನೆ.

ಉತ್ತರವು ಬಹುಶಃ ಗೋಡೆಯಲ್ಲಿಲ್ಲ, ಗೋಡೆಗಳ ನಡುವಿನ ನಡವಳಿಕೆಯಲ್ಲಿದೆ. ಹೂವಿನವಳು ಕೂರುವ ಕಟ್ಟೆ, ಅವಳ ಎದುರಿನ ಎಲೆಯಂಗಡಿ, ಸಾಲ ಹೇಳಿ ಹೋದ ಗಿರಾಕಿ ಮರುದಿನ ತಾನಾಗಿ ತಂದುಕೊಡುವ ದುಡ್ಡು, ಹಳ್ಳಿಯಿಂದ ಬಂದವನು ವಿಳಾಸ ಕೇಳದೆ ತಲುಪಬಲ್ಲ ಮೂಲೆ ಇವು ಒಂದು ಪೇಟೆಯ ಚಿನ್ನ. ಹಳೆಯ ಕಟ್ಟಡವು ಆ ಚಿನ್ನಕ್ಕೆ ಆಕಾರ ಕೊಟ್ಟ ಎರಕ. ಎರಕವನ್ನು ಒಡೆಯುವ ಮೊದಲು ಚಿನ್ನವನ್ನು ಎಲ್ಲಿ ಹಿಡಿದಿಡುವರೆಂದು ಕೇಳುವ ಹಕ್ಕು ಪೇಟೆಗೆ ಉಂಟು.

ಆರಂಭದ ಹಿಂಸೆ, ದುರಸ್ತಿಯ ವಿಧಾನ

ಗೃಹಸ್ಥನಿಗೆ ಆರಂಭೀ ಹಿಂಸೆಯನ್ನು ಪೂರ್ಣವಾಗಿ ತೊರೆಯಲು ಸಾಧ್ಯವಿಲ್ಲ. ಮನೆ ಕಟ್ಟಲೇಬೇಕು, ಅಂಗಡಿ ತೆರೆಯಲೇಬೇಕು. ಆದರೆ ಅದನ್ನು ಆದಷ್ಟು ಕಡಿಮೆ ಮಾಡಬೇಕೆಂಬ ವಿಧಿಯಿಂದ ಅವನಿಗೆ ಬಿಡುಗಡೆಯಿಲ್ಲ. ಗಣಿಯಲ್ಲಿರುವ ಕಲ್ಲು, ಭೂಮಿಯಲ್ಲಿರುವ ಮಣ್ಣು ಪೃಥ್ವೀಕಾಯಿಕ ಜೀವಗಳ ನೆಲೆ. ನದಿಯ ಒಡಲನ್ನು ಬಗೆದು ಮರಳು ತೆಗೆಯುವಾಗ ನೀರಿನ ಜೀವರಾಶಿಗೂ ದಡದ ಜೀವರಾಶಿಗೂ ಆಗುವ ಹಾನಿ ಅಷ್ಟಿಷ್ಟಲ್ಲ. ಸಿಮೆಂಟು, ಉಕ್ಕುಗಳ ಕುಲುಮೆಯ ಬೆಂಕಿ ಇದಕ್ಕೆ ಮೇಲು. ಹಳೆಯ ಗೋಡೆಯ ವಿಷಯದಲ್ಲಿ ಆ ಹಿಂಸೆ ನೂರು ವರ್ಷಗಳ ಹಿಂದೆಯೇ ನಡೆದುಹೋಗಿದೆ. ಆ ಇಟ್ಟಿಗೆ ಈಗ ಅಚಿತ್ತ. ಉಳಿಸಿಕೊಳ್ಳಬಹುದಾದ ಗೋಡೆಯನ್ನು ಬೀಳಿಸುವವನು ಹಿಂದೆ ಆದ ಹಿಂಸೆಯನ್ನು ವ್ಯರ್ಥಮಾಡಿ ಅದರ ಮೇಲೆ ಹೊಸ ಹಿಂಸೆಯ ಭಾರವನ್ನು ಹೊರುತ್ತಾನೆ. ಹಳಮೆಯ ಮೋಹವಿಲ್ಲದ ವಿರಕ್ತನೂ ಒಪ್ಪಬೇಕಾದ ಕಾರಣವಿದು.

ಹಾಗೆಂದು ದುರಸ್ತಿಯು ಕೇವಲ ಸದುದ್ದೇಶದಿಂದ ಸಾಧ್ಯವಾಗುವುದಿಲ್ಲ. ಅದಕ್ಕೆ ಅದರದೇ ಆದ ಸಮಿತಿಯುಂಟು. ಮುನಿಗಳು ಯಾವ ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ, ಪಿಂಛಿಯಿಂದ ಮೃದುವಾಗಿ ಒರೆಸಿ, ಅನಂತರ ಇಡುತ್ತಾರೆ. ಆದಾನನಿಕ್ಷೇಪಣ ಸಮಿತಿಯೆಂಬ ಆ ಎಚ್ಚರವೇ ಹಳೆಯ ಕಟ್ಟಡವನ್ನು ಮುಟ್ಟುವವರಿಗೂ ಬೇಕು. ಮೊದಲು ಅಳತೆ, ನಕ್ಷೆ, ಛಾಯಾಚಿತ್ರ. ಬಿರುಕಿಗೆ ಗುರುತು ಹಾಕಿ ಅದು ಬೆಳೆಯುತ್ತಿದೆಯೇ ನಿಂತಿದೆಯೇ ಎಂಬುದನ್ನು ತಿಂಗಳುಗಟ್ಟಲೆ ನೋಡುವುದು. ಭಾರವನ್ನು ಊರೆಗಂಬಗಳ ಮೇಲೆ ಇಳಿಸಿಕೊಂಡ ನಂತರವೇ ಒಂದು ಜಂತೆಯನ್ನು ಅಲುಗಿಸುವುದು. ಒಂದೇ ಬಾರಿಗೆ ಎಲ್ಲವನ್ನೂ ಬಿಚ್ಚದೆ ಅಂಕಣದಿಂದ ಅಂಕಣಕ್ಕೆ ಸಾಗುವುದು. ಈ ತಾಳ್ಮೆಯಿಲ್ಲದ ದುರಸ್ತಿಯು ಕೆಡವುವಿಕೆಗಿಂತಲೂ ಅಪಾಯಕಾರಿ. ಅತಿ ಕಡಿಮೆ ದರ ಕೂಗಿದವನಿಗೆ ಗುತ್ತಿಗೆ ಒಪ್ಪಿಸಿ, ಸುಣ್ಣದ ಕೆಲಸವನ್ನೇ ಅರಿಯದ ಕೈಗಳಿಂದ ಮಾಡಿಸುವುದು ರೋಗಿಯನ್ನು ಅಗ್ಗದ ವೈದ್ಯನಿಗೆ ಒಪ್ಪಿಸಿದಂತೆ.

ಸುಣ್ಣದ ಗಾರೆಯ ವಿದ್ಯೆಯಂತೂ ಕ್ಷೀಣಿಸುತ್ತಿದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ಕೊಳೆಯಲು ಬಿಟ್ಟು, ಮರಳು ಮತ್ತು ಇಟ್ಟಿಗೆಪುಡಿಯೊಡನೆ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಕೂಡಿಸಿ ಹದಮಾಡುವ ಕ್ರಮ ಅದು. ಕೆಲವು ಕಡೆ ಮೆರುಗಿಗಾಗಿ ಮೊಟ್ಟೆಯ ಬಿಳಿಭಾಗವನ್ನು ಸೇರಿಸುವ ರೂಢಿಯಿತ್ತು. ಅದನ್ನು ಬಿಟ್ಟು ಬೆಲ್ಲ, ಅಳಲೆಗಳಿಂದಲೇ ಗಟ್ಟಿಯಾದ ಗಾರೆಯನ್ನು ಪಡೆಯಬಹುದೆಂಬುದು ಜೈನ ದಾನಿಗಳು ತಿಳಿದಿರಬೇಕಾದ ಸಂಗತಿ. ಬಸದಿಗಳ ಜೀರ್ಣೋದ್ಧಾರಕ್ಕೆ ಈ ಕುಶಲಕರ್ಮಿಗಳು ಬೇಕೇಬೇಕು. ಆದರೆ ಬಸದಿಯ ಕೆಲಸ ಹತ್ತು ವರ್ಷಗಳಿಗೊಮ್ಮೆ ಬರುವುದು. ಅದನ್ನೇ ನಂಬಿ ಕುಟುಂಬ ಸಾಕಲಾಗದು. ಪೇಟೆಯ ಹಳೆಯ ಮಳಿಗೆಗಳೂ ಮನೆಗಳೂ ಅವರಿಗೆ ವರ್ಷವಿಡೀ ಕೆಲಸ ಕೊಟ್ಟರೆ ಮಾತ್ರ ಬಸದಿಗೂ ಕೈಗಳು ದೊರೆಯುತ್ತವೆ. ಪೇಟೆಯ ಜೀರ್ಣೋದ್ಧಾರ ನಿಂತರೆ ಬಸದಿಯ ಜೀರ್ಣೋದ್ಧಾರವೂ ನಿಲ್ಲುತ್ತದೆ.

ನ್ಯಾಸ ಮತ್ತು ಪ್ರತಿರೂಪಕ

ವ್ಯಾಪಾರಿಗೆ ಹತ್ತಿರವಾದ ಎರಡು ಅತಿಚಾರಗಳನ್ನು ಇಲ್ಲಿ ನೆನೆಯುವುದು ಯುಕ್ತ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೊಂದು. ನಂಬಿ ಒತ್ತೆಯಿಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಹೇಳಿ ಮಿಕ್ಕದ್ದನ್ನು ಇಟ್ಟುಕೊಳ್ಳುವುದು ಅದರ ಸ್ವರೂಪವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಅಲ್ಲಿ ಕಳ್ಳತನದ ಗದ್ದಲವಿಲ್ಲ. ಇನ್ನೊಬ್ಬನ ಮರೆವಿನ ಲಾಭ ಪಡೆಯುವ ಮೌನ ಮಾತ್ರವಿದೆ. ನಗರದ ಹಳೆಯ ಸಾರ್ವಜನಿಕ ಕಟ್ಟಡವು ಅಂತಹ ನ್ಯಾಸ. ಇಟ್ಟವರು ಇಂದಿಲ್ಲ. ಕೇಳಬೇಕಾದವರು ಇನ್ನೂ ಹುಟ್ಟಿಲ್ಲ. ಏನಿತ್ತು, ಎಷ್ಟಿತ್ತು ಎಂದು ಲೆಕ್ಕ ಕೇಳುವವರೇ ಇಲ್ಲದ ಈ ನಡುಗಾಲದಲ್ಲಿ ಒಂದಿಷ್ಟನ್ನು ಕಡಿಮೆಮಾಡಿ ಒಪ್ಪಿಸುವುದು ಬಹಳ ಸುಲಭ. ಸುಲಭವಾದುದರಿಂದಲೇ ಅದು ವ್ರತದ ಪರೀಕ್ಷೆ.

ಅಸ್ತೇಯದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೊಂದು. ಅಸಲಿನಂತೆ ತೋರುವ ನಕಲನ್ನು ಅಸಲಿನ ಬೆಲೆಗೆ ಮಾರುವುದು. ಹಳೆಯದನ್ನು ಕೆಡವಿ ಅದೇ ಮಾದರಿಯಲ್ಲಿ ಕಟ್ಟುತ್ತೇವೆಂಬ ಮಾತನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಕಾಂಕ್ರೀಟಿನ ಚೌಕಟ್ಟಿಗೆ ಕಮಾನಿನ ಆಕಾರವನ್ನು ಅಂಟಿಸಿ ಪಾರಂಪರಿಕ ಕಟ್ಟಡವನ್ನು ಉಳಿಸಲಾಯಿತೆಂದು ಫಲಕ ಹಾಕಿದರೆ ಅದು ಪ್ರತಿರೂಪಕ. ಹಳೆಯ ಕಟ್ಟಡ ಉಳಿಯಲಿಲ್ಲ, ಅದರ ಸ್ಮರಣೆಗಾಗಿ ಈ ಹೊಸ ಕಟ್ಟಡವನ್ನು ಇಂತಹ ವರ್ಷ ಕಟ್ಟಲಾಯಿತೆಂದು ಬರೆದರೆ ಅದರಲ್ಲಿ ದೋಷವಿಲ್ಲ. ಎರಡು ಫಲಕಗಳ ಖರ್ಚು ಒಂದೇ. ಎರಡರ ನಡುವಿನ ಅಂತರ ಒಂದು ವ್ರತದಷ್ಟು. ಉಳಿಸಬೇಕೆನ್ನುವವರಿಗೂ ಈ ಒರೆಗಲ್ಲು ತಪ್ಪಿದ್ದಲ್ಲ. ಜಂತೆ ಕೊಳೆತಿರುವುದನ್ನು ಕಂಡೂ ಕಟ್ಟಡ ಭದ್ರವಾಗಿದೆಯೆಂದು ಬರೆದುಕೊಡುವ ವರದಿಯು ಕೂಟಲೇಖಕ್ರಿಯೆಯೇ ಸರಿ. ಬೇಕಾದ ತೀರ್ಮಾನಕ್ಕೆ ತಕ್ಕ ವರದಿಯನ್ನು ಬರೆಸುವ ಅಭ್ಯಾಸ ಯಾವ ಪಕ್ಷದಲ್ಲಿದ್ದರೂ ಅದು ದೋಷವೇ.

ಬುಟ್ಟಿಯವಳ ಪಾಲು

ಇಂತಹ ಚರ್ಚೆಗಳಲ್ಲಿ ಮಾಲೀಕನ ಮಾತು ಕೇಳುತ್ತದೆ, ತಜ್ಞನ ಮಾತು ಕೇಳುತ್ತದೆ, ಕರಾರುಪತ್ರವುಳ್ಳ ಬಾಡಿಗೆದಾರನ ಮಾತೂ ಕೇಳುತ್ತದೆ. ಹೊರಮೆಟ್ಟಿಲ ಮೇಲೆ ಬುಟ್ಟಿಯಿಟ್ಟು ಕುಳಿತವಳ ಬಳಿ ಕರಾರಿಲ್ಲ. ಮೂಟೆ ಹೊರುವವನ ಹೆಸರು ಯಾವ ದಫ್ತರಿನಲ್ಲಿಯೂ ಇಲ್ಲ. ದುರಸ್ತಿಯಾಗಲಿ, ಹೊಸ ನಿರ್ಮಾಣವಾಗಲಿ, ಎರಡು ಮೂರು ವರ್ಷ ಎಲ್ಲರೂ ಬೇರೆಡೆಗೆ ಹೋಗಬೇಕಾಗುತ್ತದೆ. ಹಬ್ಬದ ವ್ಯಾಪಾರದಿಂದಲೇ ವರ್ಷ ದೂಡುವವಳಿಗೆ ಆ ಎರಡು ಮೂರು ವರ್ಷಗಳು ವ್ಯಾಪಾರದ ಅಂತ್ಯವೇ ಆಗಬಹುದು. ಗಿರಾಕಿ ಒಮ್ಮೆ ಬೇರೆ ದಾರಿ ಹಿಡಿದರೆ ಮತ್ತೆ ಬರುವುದು ದುರ್ಲಭ. ಹೊಸ ಮಳಿಗೆಯ ಬಾಡಿಗೆ ಅವಳ ಕೈಗೆ ಎಟುಕದಷ್ಟಾದರೆ ಕಟ್ಟಡ ಉಳಿದರೂ ಪೇಟೆ ಉಳಿಯಲಿಲ್ಲ.

ಆಶಾಧರ ಪಂಡಿತರು ಸಾಗಾರಧರ್ಮಾಮೃತದಲ್ಲಿ ಶ್ರಾವಕನ ಯೋಗ್ಯತೆಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೆ ಇಟ್ಟರು. ಆ ಯೋಗ್ಯತೆಯ ಪರೀಕ್ಷೆ ಬಸದಿಯಲ್ಲಿ ನಡೆಯುವುದಿಲ್ಲ, ಅಂಗಡಿಯಲ್ಲಿ ನಡೆಯುತ್ತದೆ. ಹಾಗೆ ನೋಡಿದರೆ ಪೇಟೆಯೂ ಒಂದು ಸಾಧನಾಕ್ಷೇತ್ರ. ಅದರ ಜೀರ್ಣೋದ್ಧಾರವೆಂದರೆ ಗೋಡೆಗಿಂತ ಮೊದಲು ನ್ಯಾಯದ ಜೀರ್ಣೋದ್ಧಾರ. ಶತಮಾನದ ಹಿಂದಿನ ದರದಂತೆ ಬಾಡಿಗೆ ಕಟ್ಟುತ್ತ, ಒಳಬಾಡಿಗೆಯಲ್ಲಿ ಅದರ ಹತ್ತರಷ್ಟು ಪಡೆಯುವವನು ಕಟ್ಟಡ ಉಳಿಸಿರೆಂದು ಕೂಗಿದರೆ ಅವನ ಕೂಗಿಗೆ ಬೆಲೆ ಬಾರದು. ನ್ಯಾಯವಾದ ಬಾಡಿಗೆಯನ್ನು ಒಪ್ಪಿ, ಆ ಹಣವು ಅದೇ ಚಾವಣಿಗೆ ವ್ಯಯವಾಗಬೇಕೆಂದು ಲೆಕ್ಕ ಕೇಳುವ ವ್ಯಾಪಾರಿಯ ಮಾತಿಗೆ ಬಲವುಂಟು. ಮಾಲೀಕ ಸಂಸ್ಥೆಯೂ ಬಾಡಿಗೆಯ ಒಂದು ಪಾಲನ್ನು ದುರಸ್ತಿಗೆಂದೇ ತೆಗೆದಿರಿಸಿ, ತೆರವು ಮಾಡಿಸುವ ಮೊದಲು ಬುಟ್ಟಿಯವರ ಸಹಿತ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡು ಮರಳಿ ಬರುವ ಹಕ್ಕನ್ನು ಲಿಖಿತವಾಗಿ ಕೊಡುವುದು ಧರ್ಮ.

ಕೆಡವುವುದು ಎಂದು ಸಲ್ಲುತ್ತದೆ?

ಎಲ್ಲ ಕಟ್ಟಡಗಳನ್ನೂ ಎಲ್ಲ ಕಾಲಕ್ಕೂ ಉಳಿಸಲು ಸಾಧ್ಯವಿಲ್ಲ. ಉಳಿಸಲಾಗದ್ದನ್ನು ಬಿಡುವ ವಿವೇಕವನ್ನೂ ಪರಂಪರೆ ಕಲಿಸಿದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯನ್ನು ವಿಧಿಸುವಾಗ ಸಮಂತಭದ್ರರು ಒಂದು ನಿಬಂಧನೆ ಇಟ್ಟರು: ಬಂದೊದಗಿದ ಆಪತ್ತು, ಮುಪ್ಪು ಅಥವಾ ರೋಗವು ನಿಷ್ಪ್ರತೀಕಾರವಾಗಿರಬೇಕು, ಎಂದರೆ ಪರಿಹಾರವೇ ಇಲ್ಲದ್ದಾಗಿರಬೇಕು. ಜಡವಾದ ಕಟ್ಟಡಕ್ಕೂ ಆತ್ಮಸಾಧನೆಗೂ ಸಾಮ್ಯವಿಲ್ಲ. ಹೋಲಿಕೆ ಈ ಒಂದು ನಿಬಂಧನೆಗೆ ಮಾತ್ರ. ಪ್ರತೀಕಾರವಿದ್ದೂ ಮಾಡದೆ ಬಿಟ್ಟು, ಬಳಿಕ ನಿಷ್ಪ್ರತೀಕಾರವೆಂದು ಘೋಷಿಸುವುದು ವಿವೇಕವಲ್ಲ. ಹತ್ತು ವರ್ಷ ಚಾವಣಿಯನ್ನು ಮಳೆಗೆ ತೆರೆದಿಟ್ಟು, ಹನ್ನೊಂದನೆಯ ವರ್ಷ ಗೋಡೆ ಶಿಥಿಲವಾಗಿದೆಯೆಂದು ವರದಿ ತರಿಸಿದರೆ ಆ ವರದಿ ನಿಜವಾಗಿರಬಹುದು. ಅದನ್ನು ತರಿಸಿದವನು ನಿರ್ದೋಷಿಯಾಗಲಾರ.

ಆದುದರಿಂದ ಕರ್ತವ್ಯಗಳಿಗೆ ಒಂದು ಕ್ರಮವನ್ನು ಕಲ್ಪಿಸಬಹುದು. ಮೊದಲನೆಯದು ಪ್ರಾಣ. ಅಪಾಯವಿರುವ ಅಂಕಣದಿಂದ ಜನರನ್ನು ಅಂದೇ ಹೊರತರಬೇಕು; ಇದರಲ್ಲಿ ಹಳಮೆಯ ಮಾತಾಗಲಿ, ಬಾಡಿಗೆಯ ವ್ಯಾಜ್ಯವಾಗಲಿ ಅಡ್ಡಬರಕೂಡದು. ಎರಡನೆಯದು ಜೀವನೋಪಾಯ. ಹೊರಬಂದವರ ವ್ಯಾಪಾರ ಸಾಯದಂತೆ ಸಮೀಪದಲ್ಲಿಯೇ ನೆಲೆ ಕಲ್ಪಿಸಬೇಕು. ಮೂರನೆಯದು ಸತ್ಯ. ಕಟ್ಟಡ ಉಳಿಯಬಲ್ಲದೇ ಇಲ್ಲವೇ ಎಂಬುದನ್ನು ಫಲಾಪೇಕ್ಷೆಯಿಲ್ಲದ ಕಣ್ಣುಗಳಿಂದ ಪರೀಕ್ಷಿಸಿ, ಕಂಡದ್ದನ್ನು ಎಲ್ಲರಿಗೂ ತಿಳಿಸಬೇಕು. ಪ್ರತೀಕಾರವುಂಟೆಂದಾದರೆ ಜೀರ್ಣೋದ್ಧಾರವೇ ಧರ್ಮ. ಇಲ್ಲವೆಂದಾದರೆ ಅಳೆದು, ಬರೆದು, ಬಳಸಬಹುದಾದ ಕಲ್ಲನ್ನೂ ಮರವನ್ನೂ ಜೋಪಾನವಾಗಿ ಬಿಚ್ಚಿ, ಹೊಸದನ್ನು ಹೊಸದೆಂದೇ ಹೇಳಿ ಕಟ್ಟಬೇಕು. ಈ ಕ್ರಮದಲ್ಲಿ ಗೋಡೆಯು ಕೊನೆಯಲ್ಲಿ ಬರುತ್ತದೆ. ಆದರೆ ಮೊದಲ ಮೂರನ್ನು ಪ್ರಾಮಾಣಿಕವಾಗಿ ಪಾಲಿಸಿದ ಊರಿನಲ್ಲಿ ಗೋಡೆಯೂ ಬಹುಮಟ್ಟಿಗೆ ಉಳಿದಿರುತ್ತದೆ.

ಗಂಗರಾಜ, ಹುಳ್ಳರ ಕಾಲದಲ್ಲಿ ಜೀರ್ಣೋದ್ಧಾರವು ಮಹಾಸಾಮಂತರ ಕಾರ್ಯವಾಗಿತ್ತು. ಇಂದು ಅದು ಮಳೆಗಾಲಕ್ಕೆ ಮೊದಲು ತಾರಸಿಗೆ ಹತ್ತಿ ತೂಬಿನ ಕಸವನ್ನು ತೆಗೆಯುವವನ ಕಾರ್ಯ. ಅರಳಿಯ ಮೊಳಕೆಯನ್ನು ಎರಡೆಲೆಯಿರುವಾಗಲೇ ಮಣ್ಣುಸಹಿತ ಎತ್ತಿ ಬಯಲಿನಲ್ಲಿ ನೆಡುವವನು ಗೋಡೆಯನ್ನೂ ಉಳಿಸಿದ, ಸಸಿಯನ್ನೂ ಉಳಿಸಿದ. ಅವನ ಹೆಸರು ಯಾವ ಶಾಸನದಲ್ಲಿಯೂ ಬಾರದು. ಆದರೂ ಆ ಮಳೆಗಾಲದಲ್ಲಿ ಕೆಳಗಿನ ಮಳಿಗೆಯಲ್ಲಿ ಕುಳಿತವರು ನಿರ್ಭಯರಾಗಿ ವ್ಯಾಪಾರ ಮಾಡುತ್ತಾರೆ. ದಾನಗಳಲ್ಲಿ ಅಭಯದಾನವೇ ಶ್ರೇಷ್ಠವೆಂದು ಶಾಸ್ತ್ರವು ಹೇಳುತ್ತದೆಯಾದರೆ, ಈ ಕಾರ್ಯವೂ ಅದರ ಲೆಕ್ಕಕ್ಕೇ ಸೇರತಕ್ಕದ್ದು.